ಬೂದಿ ಮುಚ್ಚಿದ ಬೆಳಕು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕತ್ತಲೆ ಕೋಣೆಯ ರೋಗಿಗೆ ಬಂದ ಸೆಳೆತಕ್ಕೆ ಆಯಾಳ ನಿರ್ಲಕ್ಷ್ಯವೇ ಕಾರಣ ಎಂದು ಸೂಪರ್‌ವೈಸರ್ ವರದಿ ಬರೆದ. ಅವನು ಆ ಹೊತ್ತಿನಲ್ಲಿ ಕೋಣೆಯಲ್ಲಿರಲಿಲ್ಲ. ಆಯಾಳನ್ನು ಏನೂ ಕೇಳಲಿಲ್ಲ. ವರದಿಯ ಕೆಳಗೆ ಅವಳ ಸಹಿಗೆಂದು ಒಂದು ಗೆರೆ ಎಳೆದು ಜಾಗ ಬಿಟ್ಟ.

ಆ ಆಯಾಳಿಗೆ ಆಸ್ಪತ್ರೆಯವರು ಇಟ್ಟ ಹೆಸರು ಬೆಕ್ಕಮ್ಮ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು, ಅದನ್ನು ಕೂಗಿದರೆ ಅವಳೇ ಒಂದು ಗಳಿಗೆ ಯೋಚಿಸಿ ತಿರುಗುತ್ತಿದ್ದಳು. ನಡೆದರೆ ಸದ್ದಿಲ್ಲ, ಬಾಗಿಲು ತೆಗೆದರೆ ಸದ್ದಿಲ್ಲ, ಸೀನು ಬಂದರೆ ಮೂಗು ಹಿಡಿದುಕೊಂಡು ಓಣಿಯ ಆಚೆ ತುದಿಗೆ ಓಡಿ ಅಲ್ಲಿ ಸೀನಿ ಬರುವವಳು. ಹೊಸ ಡಾಕ್ಟರೊಬ್ಬರು ಪಕ್ಕದಲ್ಲೇ ನಿಂತಿದ್ದ ಅವಳನ್ನು ಕಂಡು, “ಈಯಮ್ಮ ಯಾವಾಗ ಒಳಗೆ ಬಂದ್ರು?” ಎಂದು ಬೆಚ್ಚಿದ್ದುಂಟು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಆ ಒಂದೇ ಕೋಣೆಯಲ್ಲಿ. ಅಲ್ಲಿ ಬದುಕಿ ಎದ್ದು ಹೋದವರು ಅವಳ ಮುಖ ನೋಡಿದ್ದು ಹೊರಗೆ ಬಂದ ಮೇಲೆ, ಬಿಸಿಲಿನಲ್ಲಿ, ಮೊದಲ ಸಲ.

ಅದು ಧನುರ್ವಾಯುವಿನ ಕೋಣೆ. ಆ ಕಾಯಿಲೆಗೆ ಹೆಸರಿಟ್ಟವನು ಕಣ್ಣಾರೆ ಕಂಡೇ ಇಟ್ಟಿರಬೇಕು. ಮೈ ಬಿಲ್ಲಾಗುತ್ತದೆ, ಹಿಮ್ಮಡಿ ಮತ್ತು ನೆತ್ತಿ ಎರಡೇ ಹಾಸಿಗೆಗೆ ತಾಗಿ, ನಡು ಆಕಾಶಕ್ಕೆ ಏಳುತ್ತದೆ. ಒಂದು ಚಮಚ ನೆಲಕ್ಕೆ ಬಿದ್ದರೆ ಸಾಕು, ಯಾರೋ ಬಾಗಿಲು ಪಟ್ಟನೆ ಎಳೆದರೆ ಸಾಕು, ಕಣ್ಣಿಗೆ ಒಂದು ಎಸಳು ಬೆಳಕು ಬಿದ್ದರೂ ಸಾಕು. ಆದ್ದರಿಂದ ಆ ಕೋಣೆಯ ಕಿಟಕಿಗೆ ಎರಡು ಪದರ ಕರಿ ಕಂಬಳಿ, ಚಿಲಕಕ್ಕೆ ಹತ್ತಿ, ಬಕೆಟ್ಟಿನ ಹಿಡಿಗೆ ಬ್ಯಾಂಡೇಜು ಬಟ್ಟೆ. ತಳ್ಳುಗಾಡಿಯ ಚಕ್ರಕ್ಕೆ ಬೆಕ್ಕಮ್ಮ ವಾರಕ್ಕೊಮ್ಮೆ ತಾನೇ ಎಣ್ಣೆ ಬಿಡುತ್ತಿದ್ದಳು. ಹಾಗೆ ಬಿಡಬೇಕೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ.

ಈಗ ಒಳಗಿದ್ದವನು ಒಬ್ಬ ಬಡಗಿ. ಹಳೇ ಬಾಗಿಲ ಚೌಕಟ್ಟು ಕೀಳುವಾಗ ತುಕ್ಕು ಹಿಡಿದ ಮೊಳೆ ಹಿಮ್ಮಡಿಗೆ ಹೊಕ್ಕಿತ್ತು. ಕಿತ್ತು ಎಸೆದು, ಚಿಂದಿ ಕಟ್ಟಿ, ಅಂದಿನ ಕೆಲಸ ಮುಗಿಸಿಯೇ ಮನೆಗೆ ಹೋದ. ಮೊಳೆಗೆ ಹೆದರಿದರೆ ಬಡಗಿಯ ಬದುಕು ನಡೆಯುತ್ತದೆಯೇ? ವಾರ ಕಳೆದ ಮೇಲೆ ದವಡೆ ಕಚ್ಚಿಕೊಂಡಿತು. ಆಸ್ಪತ್ರೆಗೆ ಬಂದು ಹನ್ನೊಂದು ದಿನ. ಸೆಳೆತ ಕಡಿಮೆಯಾಗುತ್ತಾ ಬಂದು, ಭಾನುವಾರ, ಸೋಮವಾರ ಒಂದೂ ಇರಲಿಲ್ಲ. “ಇನ್ನೊಂದು ವಾರ ಹೀಗೇ ತಣ್ಣಗಿದ್ರೆ ಗೆದ್ದ ಹಾಗೆ,” ಎಂದಿದ್ದರು ಡಾಕ್ಟರು. “ಜೋರಾಗಿ ಇನ್ನೊಂದು ಬಂದ್ರೆ ಉಸಿರು ಕಟ್ಟಬಹುದು. ನೋಡ್ಕೊಳ್ಳಿ.”

ಮಂಗಳವಾರ ಆ ಕೋಣೆಗೂ ಆ್ಯಪ್ ಬಂತು.

ಹೊಸ ಗುತ್ತಿಗೆದಾರ ಬಂದಾಗಿನಿಂದ ಬೇರೆ ವಾರ್ಡಿನ ಆಯಾಗಳೆಲ್ಲ ತಾಸಿಗೊಮ್ಮೆ ತಮ್ಮ ಫೋನಿನಲ್ಲಿ ತಮ್ಮದೇ ಫೋಟೋ ತೆಗೆದು ಹಾಜರಿ ಹಾಕುತ್ತಿದ್ದರು. ಬೆನ್ನ ಹಿಂದೆ ರೋಗಿಯ ಮಂಚ ಕಾಣಬೇಕು. ಓಣಿಯಲ್ಲಿ ಹರಟೆ ಹೊಡೆಯುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹತ್ತೊಂಬತ್ತು ವರ್ಷ ರೋಗಿಗಳ ಮಲಮೂತ್ರ ಬಳಿದ ಕೈ ಸಾಕ್ಷಿಯಾಗಲಿಲ್ಲ, ಮುಖ ಬೇಕಾಯಿತು. ಕತ್ತಲೆ ಕೋಣೆಗೆ ಮಾತ್ರ ಅದುವರೆಗೆ ರಿಯಾಯಿತಿ ಇತ್ತು. ಸೋಮವಾರ ಸಂಜೆ ಗುತ್ತಿಗೆದಾರನ ಸೂಪರ್‌ವೈಸರ್ ಫೋನು ಮಾಡಿ, “ಎಲ್ಲರಿಗೂ ಒಂದೇ ರೂಲ್ಸಮ್ಮಾ, ನಿಮಗೊಬ್ಬರಿಗೇನು ಕೊಂಬಾ?” ಎಂದ.

ಬೆಳಿಗ್ಗೆ ಹತ್ತಕ್ಕೆ ಬೆಕ್ಕಮ್ಮ ಮಂಚದ ಕಡೆ ಬೆನ್ನು ಮಾಡಿ ನಿಂತು ಆ್ಯಪ್ ಒತ್ತಿದಳು. ಫೋನು ಇದ್ದಕ್ಕಿದ್ದಂತೆ ಪೂರ್ತಿ ಬೆಳ್ಳಗಾಯಿತು. ಗೋಡೆ, ಕಂಬಳಿ, ಸಲೈನ್ ಕೊಳವೆ, ಬಡಗಿಯ ತೆರೆದ ಕಣ್ಣು ಎಲ್ಲ ಒಮ್ಮೆಲೇ ಎದ್ದು ನಿಂತವು. ಅವಳು ಫೋನನ್ನು ಹೊಟ್ಟೆಗೆ ಒತ್ತಿಕೊಳ್ಳುವಷ್ಟರಲ್ಲಿ ಹಿಂದೆ ಮಂಚ ಕಿರುಗುಟ್ಟಿತ್ತು. ಒಂದೂವರೆ ನಿಮಿಷ. ಸಿಸ್ಟರ್ ಓಡಿ ಬಂದು ಸೂಜಿ ಕೊಟ್ಟರು. ಬಡಗಿಯ ತುಟಿ ನೀಲಿಯಾಗಿ, ಮತ್ತೆ ನಿಧಾನವಾಗಿ ತನ್ನ ಬಣ್ಣಕ್ಕೆ ಬಂತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಹನ್ನೊಂದು ಗಂಟೆಗೆಲ್ಲ ವರದಿ ಸಿದ್ಧವಾಗಿತ್ತು.

“ಫೋನಿನ ಬೆಳಕು ಕಮ್ಮಿ ಮಾಡ್ಕೋಬಾರ್ದಿತ್ತಾ ಬೆಕ್ಕಮ್ಮ?” ಎಂದರು ಸಿಸ್ಟರ್. ಬೈಗುಳವೇನಲ್ಲ, ಆದರೂ ಚುಚ್ಚಿತು. ಅವಳು ಓಣಿಯಲ್ಲಿ ನಿಂತು, ಪರದೆಯ ಮೇಲಿನ ಪುಟ್ಟ ಸೂರ್ಯನ ಗುರುತನ್ನು ಬೆರಳಿನಿಂದ ಎಳೆದು ಎಡಗಡೆಯ ಕಟ್ಟಕಡೆಗೆ ತಂದು ನಿಲ್ಲಿಸಿದಳು. ಫೋನು ಮಬ್ಬಾಯಿತು. ಸಮಾಧಾನವಾಯಿತು. ಆದರೂ ಆ ಗಂಟೆಯ ಫೋಟೋ ತೆಗೆಯಲು ಧೈರ್ಯ ಬರಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ಬಂದು ಗಂಟೆ ನೋಡೋಣವೆಂದು ತೆಗೆದರೆ ಫೋನು ಕಪ್ಪು. ಗುಂಡಿ ಒತ್ತಿದಳು, ಕಪ್ಪು. ಉಜ್ಜಿದಳು, ಊದಿದಳು, ತಲೆಕೆಳಗು ಮಾಡಿ ಅಂಗೈಗೆ ತಟ್ಟಿದಳು. ಅದರಲ್ಲಿ ಕಂಡದ್ದು ಅವಳದೇ ಮುಖ, ಹಿಂದೆ ಒಂದು ತುಂಡು ಆಕಾಶ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಹಾಜರಿ ಹಾಕುವ ಫೋನೇ ಸತ್ತರೆ ಅವಳು ಬದುಕಿದ್ದೂ ಗೈರು. ಊಟದ ಡಬ್ಬಿ ಬಿಚ್ಚದೆ ಎದುರು ಬೀದಿಯ ರಿಪೇರಿ ಅಂಗಡಿಗೆ ನಡೆದಳು.

ಅಂಗಡಿಯವಳು ಇಪ್ಪತ್ತೈದರ ಹೆಣ್ಣು. ತುಟಿಯ ನಡುವೆ ಒಂದು ಸಣ್ಣ ಸ್ಕ್ರೂ ಕಚ್ಚಿಕೊಂಡೇ ಕೇಳಿದಳು:

“ಏನಾಯ್ತಮ್ಮಾ?”

“ಸತ್ತೋಯ್ತು ಕಣಮ್ಮ. ಒಳಗಿದ್ದಾಗ ಚೆನ್ನಾಗೇ ಇತ್ತು. ಬಿಸಿಲಿಗೆ ತಂದೆ, ಕಣ್ಣು ಮುಚ್ಚಿಬಿಡ್ತು.”

“ನೀರಿಗೆ ಬಿತ್ತಾ?”

“ಇಲ್ಲ.”

“ಕೈಜಾರಿ ಬಿತ್ತಾ?”

“ನನ್ನ ಕೈಯಿಂದ ಹತ್ತೊಂಬತ್ತು ವರ್ಷದಲ್ಲಿ ಒಂದು ಚಮಚ ಬಿದ್ದಿಲ್ಲ.”

ಅಂಗಡಿಯವಳು ಸ್ಕ್ರೂ ತೆಗೆದಿಟ್ಟು, ಫೋನಿನ ಸುತ್ತ ಎರಡೂ ಅಂಗೈ ಮರೆ ಮಾಡಿ, ಬಾವಿಯೊಳಗೆ ಬಗ್ಗಿದವಳಂತೆ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು.

“ಸತ್ತಿಲ್ಲಮ್ಮ, ಗಟ್ಟಿಮುಟ್ಟಾಗಿದೆ. ಮುಸುಕು ಹಾಕ್ಕೊಂಡು ಮಲಗಿದೆ ಅಷ್ಟೆ. ಬೆಳಕು ಪೂರ್ತಿ ಇಳಿಸಿ ಬಿಸಿಲಿಗೆ ಬಂದ್ರೆ ಯಾರ ಫೋನಾದ್ರೂ ಹೀಗೇ. ವಾರಕ್ಕೆ ಇಬ್ರಾದ್ರೂ ಬರ್ತಾರೆ, ಹೆಣ ಹೊತ್ಕೊಂಡು ಬಂದೋರ ಥರ ಮುಖ ಮಾಡ್ಕೊಂಡು.”

ಬೆಕ್ಕಮ್ಮನಿಗೆ ನಾಚಿಕೆಯಾಯಿತು. “ಎಷ್ಟು ಕೊಡ್ಬೇಕು?”

“ಸಾಯದೇ ಇರೋರಿಗೆ ಪೋಸ್ಟ್‌ಮಾರ್ಟಂ ಮಾಡಿ ದುಡ್ಡು ಬೇರೆ ಇಸ್ಕೊಳ್ಲಾ? ಕೂತ್ಕೊಳ್ಳಿ. ಇಷ್ಟೊಂದು ಯಾಕೆ ಇಳಿಸಿದ್ರಿ?”

ಬೆಕ್ಕಮ್ಮ ಹೇಳಿದಳು. ಕೋಣೆ, ಕಂಬಳಿ, ಬಡಗಿ, ಬಿಲ್ಲಿನಂತೆ ಎದ್ದ ಬೆನ್ನು, ನೀಲಿಯಾದ ತುಟಿ. ಕೇಳುತ್ತಾ ಕೇಳುತ್ತಾ ಅಂಗಡಿಯವಳ ನಗು ಇಳಿಯಿತು. ಫೋನನ್ನು ಕೈಗೆ ತೆಗೆದುಕೊಂಡು, ಕೊಟ್ಟಕೊನೆಯ ಮೆಟ್ಟಿಲು ಎಂದು ಎಲ್ಲರೂ ತಿಳಿದದ್ದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲಿದೆ ಎಂದು ತೋರಿಸಿದಳು. ಸೆಟ್ಟಿಂಗ್ಸಿನ ಒಳಗೆ, ಅದರ ಒಳಗೆ, ಕಣ್ಣಿಗೆ ತೊಂದರೆ ಇರುವವರಿಗೆಂದು ಇಟ್ಟ ಜಾಗದಲ್ಲಿ, ‘ಇನ್ನಷ್ಟು ಮಂದ’. ಬಿಳಿ ಹಿನ್ನೆಲೆಯನ್ನೆಲ್ಲ ಕಪ್ಪು ಮಾಡಿದಳು, ಅಕ್ಷರವನ್ನು ದಪ್ಪ ಮಾಡಿದಳು. “ಬಿಸಿಲಿಗೆ ಬಂದಾಗ ಪಕ್ಕದ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡೀರಿ, ಆ ಹೆಚ್ಚಿನ ಮಬ್ಬು ಹೋಗುತ್ತೆ. ಕಣ್ಣು ಬೇಡ, ಬೆರಳು ಸಾಕು. ಆಮೇಲೆ ಅಂಗೈ ಮರೆಯಲ್ಲಿ ಸೂರ್ಯನ್ನ ಬಲಕ್ಕೆ ಎಳ್ಕೊಳ್ಳಿ.”

ಪರೀಕ್ಷೆಗೆ ಕತ್ತಲೆ ಬೇಕಿತ್ತು. ಟೀವಿ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮಗುಚಿ, ಇಬ್ಬರೂ ಅದರೊಳಗೆ ತಲೆ ತೂರಿಸಿದರು. ಗಿರಾಕಿಯೊಬ್ಬ ಬಂದು ಎರಡು ಬೆನ್ನು ನೋಡಿ, “ಒಳಗೆ ಏನು ಸಿನಿಮಾನಾ?” ಎಂದ. “ಟಿಕೆಟ್ ಮುಗಿದಿದೆ,” ಎಂದಳು ಅಂಗಡಿಯವಳು ಪೆಟ್ಟಿಗೆಯೊಳಗಿಂದ.

ಫೋನು ಈಗ ಎಷ್ಟು ಹಿತವಾಗಿತ್ತೆಂದರೆ ಬೆಕ್ಕಮ್ಮನಿಗೆ ಅದನ್ನೇ ನೋಡುತ್ತ ಕೂರೋಣ ಅನ್ನಿಸಿತು. ಕಣ್ಣಿಗೆ ಚುಚ್ಚದೆ, ಕರೆಯದೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಬೆಳಕು.

“ಈಗ ನಿಮ್ಮ ಹಾಜರಿ ಆ್ಯಪ್ ತೆಗೀರಿ.”

ತೆಗೆದಳು. ಪೆಟ್ಟಿಗೆಯೊಳಗೆ ಮಿಂಚು ಹೊಡೆದಂತಾಯಿತು. ಇಬ್ಬರೂ ಕಣ್ಣು ಮುಚ್ಚಿ ಹೊರಗೆ ಬಂದರು.

ಅಂಗಡಿಯವಳು ಕಣ್ಣುಜ್ಜಿಕೊಂಡಳು. “ಇದು ನಿಮ್ಮ ಮಾತು ಕೇಳಲ್ಲಮ್ಮ. ಕತ್ತಲಲ್ಲಿ ಮುಖ ಸರಿಯಾಗಿ ಬರ್ಲಿ ಅಂತ ತಾನೇ ಪರದೇನ ದೀಪ ಮಾಡ್ಕೊಳ್ಳೋ ಹಾಗೆ ಇದನ್ನ ಮಾಡಿದಾರೆ. ನೀವು ಎಷ್ಟು ಇಳಿಸಿದ್ರೂ ಇದು ಏರಿಸುತ್ತೆ. ಫೋನಿಗೆ ನೀವು ಯಜಮಾನಿ, ಇದು ಮನೆ ಅಳಿಯ.”

“ಅಂದ್ರೆ ಬೆಳಿಗ್ಗೆ ನಾನು ಬೆಳಕು ಇಳಿಸಿದ್ರೂ…”

“ಅದೇ ಆಗ್ತಿತ್ತು.”

ಬೆಳಿಗ್ಗೆಯಿಂದ ಬೆಕ್ಕಮ್ಮನ ಎದೆಯಲ್ಲಿ ಒಂದು ಕಲ್ಲು ಕೂತಿತ್ತು, ನನ್ನ ಕೈಯಾರೆ ಒಬ್ಬ ಸಾಯುತ್ತಿದ್ದನಲ್ಲ ಎಂದು. ಆ ಕಲ್ಲು ಅಲ್ಲಿಂದ ಎದ್ದು ಬೇರೆ ಯಾರದೋ ಬಾಗಿಲಿಗೆ ಹೋಯಿತು. ಯಾರ ಬಾಗಿಲು ಎಂಬುದೂ ಅವಳಿಗೆ ಗೊತ್ತಾಯಿತು.

“ತೆಗೆದುಹಾಕಿದ್ರೆ?”

“ಆ್ಯಪ್ ಇಲ್ಲಾಂದ್ರೆ ಹಾಜರಿ ಇಲ್ಲ ಅಂತೀರಲ್ಲ. ಮೇಲೆ ಏನಾದ್ರೂ ಹೊದಿಸಿ. ಒಳಗೆ ಅದು ಎಷ್ಟಾದ್ರೂ ಉರ್ಕೊಳ್ಲಿ.”

ಬಡಗಿಯ ಹೆಂಡತಿ ಹನ್ನೊಂದು ದಿನದಿಂದ ಓಣಿಯ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬಿಡುವಂತಿಲ್ಲ, ಅಳುವವರನ್ನು ಆ ಕೋಣೆಗೆ ಬಿಡುವುದಿಲ್ಲ, ಅಳುವುದಿಲ್ಲ ಎಂದು ಹೇಳುವವರನ್ನು ಮೊದಲೇ ಬಿಡುವುದಿಲ್ಲ. ಅವಳ ಪಕ್ಕದ ಚೀಲದಲ್ಲಿ ಗಂಡನ ಕಾಲಿನ ಎಕ್ಸ್‌ರೇ ಇತ್ತು, ಮೊಳೆಯ ತುಣುಕು ಉಳಿದಿದೆಯೇ ಎಂದು ಮೊದಲ ದಿನ ತೆಗೆಸಿದ್ದು. ದೊಡ್ಡ ಹಾಳೆ, ನಡುವೆ ಬೆಳ್ಳಗೆ ಪಾದ, ಸುತ್ತ ಕಡುಗಪ್ಪು.

ಅಂಗಡಿಯಿಂದ ಮರಳಿದ ಬೆಕ್ಕಮ್ಮ, ಬೆಳಗಿನ ಸೆಳೆತದಿಂದ ಹಿಡಿದು ಫೋನಿಗೊಂದು ಹೊದಿಕೆ ಬೇಕು ಎಂಬವರೆಗೆ ಹೇಳಿದ್ದನ್ನೆಲ್ಲ ಅವಳು ಕೇಳಿದಳು. ನನ್ನ ಗಂಡನಿಗೆ ಹೀಗೆ ಮಾಡಿದೆಯಲ್ಲ ಎಂದು ಬೈಯಬಹುದು ಎಂದು ಬೆಕ್ಕಮ್ಮ ಕಾದಿದ್ದಳು. ಅವಳು ಚೀಲದಿಂದ ಎಕ್ಸ್‌ರೇ ಎಳೆದು, “ಇದು ಸಾಕಾಗುತ್ತಾ ನೋಡಿ ಅಕ್ಕಾ,” ಎಂದಳು.

“ಡಾಕ್ಟ್ರಿಗೆ ಬೇಕಾಗಬಹುದು ತಂಗಿ. ಕಾಲು ಹಾಗೇ ಬಿಡು, ಸುತ್ತಲ ಕಪ್ಪು ಮಾತ್ರ ಸಾಕು.”

ಸಿಸ್ಟರ ಕತ್ತರಿ ಬಂತು. ಬಡಗಿಯ ಹೆಂಡತಿ ಫೋನನ್ನು ಹಾಳೆಯ ಮೇಲಿಟ್ಟು ಉಗುರಿನಿಂದ ಗೀರಿ, ಆ ಗೀರಿನ ಮೇಲೆ ಒಂದು ಕೂದಲೆಳೆ ಆಚೀಚೆಯಾಗದಂತೆ ಮೂರು ತುಂಡು ಕತ್ತರಿಸಿದಳು. ಅಳತೆಯಲ್ಲಿ ಅವಳು ಗಂಡನಿಗೆ ಕಡಿಮೆಯಿರಲಿಲ್ಲ. ಬಟ್ಟೆಯ ಉಗ್ರಾಣದ ಬಾಗಿಲು ಮುಚ್ಚಿ ಬೆಕ್ಕಮ್ಮ ನೋಡಿದಳು. ಒಂದು ಹಾಳೆ ಹಾಕಿದರೆ ಹುಣ್ಣಿಮೆ. ಎರಡು ಹಾಕಿದರೆ ಬತ್ತಿ ಇಳಿಸಿದ ಲಾಟೀನು. ಮೂರನೆಯದಕ್ಕೆ ಬೂದಿ ಮುಚ್ಚಿದ ಕೆಂಡ. ಮೂರನ್ನೂ ಗಾಯಕ್ಕೆ ಹಚ್ಚುವ ಟೇಪಿನಿಂದ ಸುತ್ತಲೂ ಅಂಟಿಸಿದಳು. ಬೆರಳನ್ನು ತುಸು ಒತ್ತಿದರೆ ಫೋನು ಮಾತು ಕೇಳುತ್ತಿತ್ತು.

ಎರಡು ಗಂಟೆಗೆ ಒಳಗೆ ಹೋಗಿ ಆ್ಯಪ್ ಒತ್ತಿದಳು. ಪರದೆಯ ಕಡೆ ನೋಡಲಿಲ್ಲ, ತಿರುಗಿ ಬಡಗಿಯ ಕಾಲ್ಬೆರಳು ನೋಡಿದಳು. ಸೆಳೆತ ಬರುವಾಗ ಮೊದಲು ಮಡಚುವುದು ಅವೇ. ಹತ್ತು ಬೆರಳೂ ಹಾಗೇ ಇದ್ದವು. ಅವಳು ಆಗಲೇ ಉಸಿರು ಬಿಟ್ಟದ್ದು.

ಫೋನು ಮಾತ್ರ ‘ಮುಖ ಕಾಣುತ್ತಿಲ್ಲ’ ಎಂದಿತು. ಇರಲಿ, ಎಂದುಕೊಂಡಳು.

ಬುಧವಾರ, ಗುರುವಾರ ಹಾಗೇ ಕಳೆದವು. ತಾಸಿಗೊಮ್ಮೆ ಒತ್ತಿದಳು, ತಾಸಿಗೊಮ್ಮೆ ‘ಮುಖ ಕಾಣುತ್ತಿಲ್ಲ’. ಆದರೆ ಆ ಕೆಂಡದ ಬೆಳಕು ಬೇರೆ ಕೆಲಸಕ್ಕೆ ಬಂತು. ಸಲೈನ್ ಹನಿ ಬೀಳುತ್ತಿದೆಯೇ ಎಂದು ನೋಡಲು ಇಷ್ಟು ವರ್ಷ ಬಾಗಿಲನ್ನು ಒಂದು ಬೆರಳಗಲ ತೆರೆಯಬೇಕಾಗಿತ್ತು. ಈಗ ಫೋನನ್ನು ಕೊಳವೆಯ ಹತ್ತಿರ ಹಿಡಿದರೆ ಹನಿಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿದ್ದವು. ಸಿಸ್ಟರ್ ಕೂಡ, “ಸ್ವಲ್ಪ ನಿಮ್ಮ ಫೋನು ಕೊಡಿ ಬೆಕ್ಕಮ್ಮ,” ಎಂದು ಇಸಿದುಕೊಂಡು ಸೂಜಿಯ ಮದ್ದು ಅಳೆದರು.

ಗುರುವಾರ ಸಂಜೆ ಸಿಸ್ಟರ ಒಪ್ಪಿಗೆ ಪಡೆದು, ಬಡಗಿಯ ಹೆಂಡತಿಯನ್ನು ಒಂದು ನಿಮಿಷ ಒಳಗೆ ಕರೆದಳು. ಬಳೆ ತೆಗೆಸಿದಳು, ಚಪ್ಪಲಿ ಬಿಡಿಸಿದಳು, ಬಾಯಿಗೆ ಸೆರಗು ಕೊಟ್ಟಳು. ಬೂದಿಯ ಬೆಳಕನ್ನು ಪಕ್ಕದಿಂದ, ಕಣ್ಣಿಗೆ ಬೀಳದಂತೆ ಹಿಡಿದಳು. ಹದಿಮೂರು ದಿನ ಗಡ್ಡ ಬಿಟ್ಟ ಮುಖ ನೀರಿನಡಿಯಿಂದ ಬಂದಂತೆ ಮೇಲೆ ಬಂತು.

“ನಗ್ತಿದಾರಾ ಅಕ್ಕಾ?” ಕಿವಿಯಲ್ಲಿ ಕೇಳಿದಳು ಹೆಂಡತಿ.

“ನಗು ಅಲ್ಲ ತಂಗಿ, ದವಡೆ ಕಚ್ಚಿದೆ. ಮೊನ್ನೆ ಹಲ್ಲಿನ ನಡುವೆ ಕಾಗದ ಹೋಗ್ತಿರಲಿಲ್ಲ. ಇವತ್ತು ಚಮಚದ ತುದಿ ಹೋಯ್ತು.”

ಹೆಂಡತಿ ಸೆರಗು ಕಚ್ಚಿಕೊಂಡು ನಿಂತಳು. ಹೊರಗೆ ಬಂದ ಮೇಲೆ ಬೆಂಚಿನ ಮೇಲೆ ಕೂತು, ಗಂಡನ ಪಾದವಿದ್ದ ಉಳಿದ ಎಕ್ಸ್‌ರೇ ಚೂರನ್ನು ಮಡಿಲಲ್ಲಿ ಇಟ್ಟುಕೊಂಡಳು.

ಶುಕ್ರವಾರ ಹನ್ನೊಂದಕ್ಕೆ ಸೂಪರ್‌ವೈಸರ್ ಬಂದ. ದೂರದಿಂದಲೇ ಬೂಟಿನ ಸದ್ದು ಕೇಳಿ ಬೆಕ್ಕಮ್ಮ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

“ಏನಮ್ಮಾ ಇದು? ಮಂಗಳವಾರದಿಂದ ಒಂದು ಫೋಟೋನೂ ಇಲ್ಲ! ಬರೀ ಕಪ್ಪು! ನೀನು ಬಂದಿದೀಯೋ ಕಾಗೆ ಬಂದಿದೆಯೋ ಹೇಗೆ ಗೊತ್ತಾಗ್ಬೇಕು ನಂಗೆ?”

“ಮೆಲ್ಲಗೆ ಸಾರ್.”

“ಮೆಲ್ಲಗೆ ಅಂತೆ! ಇಷ್ಟೂ ದಿನ ಗೈರು ಅಂತ ಬಿದ್ದಿದೆ ನಿಂದು. ಮೇಲಿನವ್ರು ನನ್ನ ಕೇಳ್ತಿದಾರೆ.” ಅವನ ಕಂಕುಳಲ್ಲಿ ಮಂಗಳವಾರದ ವರದಿ ಇತ್ತು, ಸಹಿಯ ಗೆರೆ ಖಾಲಿ. “ಏನಿದು ಫೋನಿಗೆ ಪಟ್ಟಿ ಕಟ್ಟಿರೋದು? ಅದಕ್ಕೂ ಧನುರ್ವಾಯುನಾ?”

ಬೆಕ್ಕಮ್ಮ ವಿವರಿಸಿದಳು. ಆ್ಯಪ್ ತಾನೇ ಬೆಳಕು ಏರಿಸುತ್ತದೆ; ಮಂಗಳವಾರ ಆದದ್ದು ಅದರಿಂದ; ಬೇಕಾದರೆ ಉಗ್ರಾಣದಲ್ಲಿ ಈಗಲೇ ತೋರಿಸುತ್ತೇನೆ. ಅವನು ಕೇಳುತ್ತಿದ್ದ, ಕೇಳಿಸಿಕೊಳ್ಳುತ್ತಿರಲಿಲ್ಲ.

“ಆ್ಯಪ್ ಮಾಡ್ದೋರು ನಿನಗಿಂತ ಓದಿರ್ತಾರಮ್ಮ. ಬಾ, ನನ್ನೆದುರಿಗೇ ತೆಗಿ ಒಂದು. ಮಂಚ ಕಾಣ್ಬೇಕು, ಮುಖ ಕಾಣ್ಬೇಕು. ಮುಗಿಸಿಬಿಡೋಣ.” ಎಂದವನೇ ಬಾಗಿಲಿಗೆ ಕೈ ಹಾಕಿದ.

ಅವಳು ಅವನಿಗಿಂತ ಮುಂಚೆ ಚಿಲಕ ಹಿಡಿದು, ಹತ್ತಿಯ ಮೇಲೆ ಹತ್ತಿ ಸರಿದಂತೆ ಬಾಗಿಲು ಸರಿಸಿದಳು. ಹೊಸ್ತಿಲಲ್ಲಿ ಅವನ ಬೂಟಿನ ಕಡೆ ಬೆರಳು ತೋರಿಸಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಒಳಗಿನ ಕತ್ತಲೆಯಿಂದ ಸಿಸ್ಟರ್ ‘ಶ್’ ಎಂದರು. ಅವನು ಬೂಟು ಬಿಚ್ಚಿದ. ಒಂದು ಕಾಲುಚೀಲದ ತುದಿಯಲ್ಲಿ ತೂತಿತ್ತು.

ಬಾಗಿಲು ಮುಚ್ಚಿತು. ಬಿಸಿಲಿನಿಂದ ಬಂದವನಿಗೆ ಏನೂ ಕಾಣಲಿಲ್ಲ. ಎರಡೂ ಕೈ ಮುಂದೆ ಚಾಚಿ, ಗೋಡೆ ಎಲ್ಲಿ, ಮಂಚ ಎಲ್ಲಿ ಎಂದು ಗಾಳಿಯನ್ನು ತಡಕಿದ. ಬೆಕ್ಕಮ್ಮ ಅವನ ಮುಂಗೈ ಹಿಡಿದು ಮಂಚದಿಂದ ಎರಡು ಹೆಜ್ಜೆ ಈಚೆ ನಿಲ್ಲಿಸಿದಳು. ಓಣಿಯಲ್ಲಿ ಗುಡುಗುತ್ತಿದ್ದವನ ಗಂಟಲು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅವನೂ ಪಿಸುಗುಟ್ಟಬೇಕಾಯಿತು.

“ತೆಗಿ ಅದನ್ನ,” ಪಿಸುಗುಟ್ಟಿದ.

“ಇಲ್ಲಿ ಬೇಡ ಸಾರ್. ಹೊರಗೆ ಬಿಸಿಲಲ್ಲಿ ನನ್ನ ಮುಖ ನೂರು ಸಲ ತಗೊಳ್ಳಿ.”

“ಮಂಚ ಬೇಕು ಅಂದ್ನಲ್ಲ.”

“ಮಂಚ ಎಲ್ಲೂ ಓಡಿ ಹೋಗಲ್ಲ. ಅದರ ಮೇಲಿರೋರು ಹೋಗ್ಬಹುದು.”

“ಒಂದು ಸೆಕೆಂಡಿನ ಬೆಳಕಿಗೆ ಯಾರೂ ಸಾಯಲ್ಲ.”

“ಮಂಗಳವಾರ ಒಂದೇ ಸೆಕೆಂಡು ಸಾರ್.”

ಕತ್ತಲೆಯಲ್ಲಿ ಬಡಗಿ ಮೂಗಿನಿಂದ ಉಸಿರಾಡುವುದು ಕೇಳುತ್ತಿತ್ತು. ಉದ್ದ, ನಿಧಾನ, ಚೆನ್ನಾಗಿ ಮಸೆದ ಉಜ್ಜುಗೊರಡು ನುಣುಪು ಹಲಗೆಯ ಮೇಲೆ ಹೋಗಿ ಬಂದಂತೆ. ಮೂವರೂ ಗಳಿಗೆ ಹೊತ್ತು ಅದನ್ನೇ ಕೇಳಿದರು.

ಸೂಪರ್‌ವೈಸರ್ ಕಾಗದವನ್ನು ಕತ್ತಲೆಯಲ್ಲೇ ಅವಳ ಕಡೆ ಚಾಚಿದ. ಅದು ಸಣ್ಣಗೆ ಸರಸರ ಎಂದಿತು; ಬೆಕ್ಕಮ್ಮ ಥಟ್ಟನೆ ಅದನ್ನು ಎರಡು ಅಂಗೈ ನಡುವೆ ಹಿಡಿದು ಸದ್ದು ನಿಲ್ಲಿಸಿದಳು, ಸದ್ದಾಗದಂತೆ ಮಡಚಿ ಅವನ ಜೇಬಿಗೇ ತೂರಿಸಿದಳು.

“ಸಹಿ ಹಾಕಲ್ಲ ಸಾರ್. ನಾನು ಮಾಡಿಲ್ಲ.”

“ನೋಡು, ನಾಳೆಯಿಂದ ಗೇಟಿನೊಳಗೆ ಬಿಡಲ್ಲ ನಿನ್ನ. ಕೆಲಸ ಬೇಕೋ ಬೇಡ್ವೋ?”

“ಬೇಕು.”

“ಹಾಗಾದ್ರೆ ಕೊನೇ ಸಲ ಹೇಳ್ತಿದೀನಿ. ಆ ಪಟ್ಟಿ ಕಿತ್ತು ಹಾಕು. ಫೋಟೋ ತೆಗಿ.”

ಕೆಲಸ ಬೇಕಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಕ್ಕಮ್ಮ ಫೋನನ್ನು ಕೈಯಲ್ಲಿ ತಿರುಗಿಸಿದಳು. ಮೂರು ಹಾಳೆಯಡಿಯ ಕೆಂಡ ಅವಳ ಹೆಬ್ಬೆರಳ ಅಂಚನ್ನು ಮಾತ್ರ ತೋರಿಸಿತು. ಆ ಬೆಳಕನ್ನು ತಗ್ಗಿಸಿ ಮಂಚದ ಕಾಲಬುಡಕ್ಕೆ ಹಿಡಿದಳು. ಹತ್ತು ಬೆರಳು, ಒಂದೂ ಮಡಚಿರಲಿಲ್ಲ. ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು.

“ತೆಗೆಯಲ್ಲ,” ಎಂದಳು, ಅವನ ಕಿವಿಗೆ ಮಾತ್ರ ಕೇಳುವಷ್ಟು. “ಹೋಗೋವಾಗ ಬಾಗಿಲು ಮೆತ್ತಗೆ ಎಳ್ಕೊಳ್ಳಿ.”